ಹೆಚ್.ಐ.ವಿ. ಸಂಶೋಧನೆಯಲ್ಲಿ ಸಮುದಾಯದ ಸಲಹೆ: ಮೈಸೂರಿನ ದೃಷ್ಟಾಂತ

ಕೊಡಗಿನ ಪೂರ್ವದ ಅಂಚಿನಲ್ಲಿ ಕುಶಾಲನಗರವನ್ನು ದಾಟಿ ಮೈಸೂರಿಗೆ ಇಳಿಯುವ ದಾರಿಯು ಕಾಫಿ ಮೆಣಸುಗಳ ಸಾಗಾಟಕ್ಕೆ ಹೇಗೋ ಹಾಗೆಯೇ ರೋಗಗಳ ಚರಿತ್ರೆಗೂ ದಾರಿಯಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ತೋಟಗಳು ಹಬ್ಬಿದ ಮೇಲೆ ಮೈಸೂರು ಸೀಮೆಯ ಕೂಲಿಗಳು ಕೊಯ್ಲಿನ ಕಾಲಕ್ಕೆ ಮಲೆಯನ್ನೇರಿ ಬಂದು, ಚಳಿಜ್ವರದ ತಿಂಗಳುಗಳು ಸಮೀಪಿಸುತ್ತಲೇ ಊರಿಗೆ ಮರಳುತ್ತಿದ್ದರು. ಜ್ವರದ ಲೆಕ್ಕವನ್ನು ಬರೆದಿಟ್ಟವರು ತೋಟದ ದೊರೆಗಳು ಮತ್ತು ಸರ್ಕಾರದ ವೈದ್ಯರು. ಯಾವ ಕಾಡಿನ ಅಂಚು ಯಾವ ತಿಂಗಳಲ್ಲಿ ಅಪಾಯಕರವೆಂಬುದನ್ನು ಮೈಯಿಂದಲೇ ಬಲ್ಲ ಕೂಲಿಯನ್ನು ತಜ್ಞನೆಂದು ಕರೆಯುವ ಯೋಚನೆ ಆ ಕಾಲಕ್ಕೆ ಹುಟ್ಟಿರಲಿಲ್ಲ. ರೋಗದ ವಿಷಯದಲ್ಲಿ ಸಲಹೆ ಕೊಡುವ ಅಧಿಕಾರವು ಯಾರದು ಎಂಬ ಈ ಪ್ರಶ್ನೆಯೇ ನೂರು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ, ಬೇರೊಂದು ರೋಗದ ನಿಮಿತ್ತವಾಗಿ, ಅದೇ ದಾರಿಯ ಇನ್ನೊಂದು ಕೊನೆಯಲ್ಲಿರುವ ಮೈಸೂರು ನಗರದಲ್ಲಿ ಮತ್ತೆ ಎದ್ದಿತು.

ಈ ಪ್ರಶ್ನೆಗೆ ಹಿಂದಿನವರು ಕೊಟ್ಟ ಉತ್ತರವನ್ನು ಮೊದಲು ನೋಡತಕ್ಕದ್ದು. 1868ರಲ್ಲಿ ಬ್ರಿಟಿಷ್ ಸರ್ಕಾರವು ಸಾಂಕ್ರಾಮಿಕ ರೋಗಗಳ ಶಾಸನವನ್ನು ಭರತಖಂಡದಲ್ಲಿ ಜಾರಿಗೆ ತಂದಿತು. ಮೇಹರೋಗಗಳಿಂದ ದಂಡಿನ ಸಿಪಾಯಿಗಳನ್ನು ಕಾಪಾಡುವುದು ಅದರ ಉದ್ದೇಶ. ವೇಶ್ಯಾವೃತ್ತಿಯ ಹೆಂಗಸರು ದಫ್ತರದಲ್ಲಿ ಹೆಸರು ಬರೆಯಿಸಿ, ಗೊತ್ತಾದ ದಿನಗಳಲ್ಲಿ ವೈದ್ಯಪರೀಕ್ಷೆಗೆ ಒಳಗಾಗಬೇಕಾಗಿದ್ದಿತು. ರೋಗ ಕಂಡರೆ ಲಾಕ್ ಆಸ್ಪತ್ರೆಯಲ್ಲಿ ಬಂಧನ. ಬೆಂಗಳೂರು ದಂಡಿನ ಪ್ರದೇಶದಲ್ಲಿಯೂ ಅಂಥ ಆಸ್ಪತ್ರೆಯಿದ್ದಿತು. ಪರೀಕ್ಷೆಯ ಭಯದಿಂದ ಹೆಂಗಸರು ಅಡಗಿಕೊಂಡರೆ ರೋಗವೂ ಅವರೊಡನೆ ಅಡಗುವುದೆಂಬುದು ಸುಲಭವಾಗಿ ಊಹಿಸಬಹುದಾದ ಸಂಗತಿ. ಶಾಸನವು 1888ರಲ್ಲಿ ರದ್ದಾಯಿತಾದರೂ ಅದು ಕಲಿಸಿದ ಅಭ್ಯಾಸವು ಅಷ್ಟು ಬೇಗ ರದ್ದಾಗಲಿಲ್ಲ.

1986ರಲ್ಲಿ ಮದರಾಸಿನಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿಯು ಲೈಂಗಿಕ ವೃತ್ತಿಯ ಹೆಂಗಸರ ರಕ್ತವನ್ನು ಸಂಗ್ರಹಿಸಿ ಪರೀಕ್ಷೆಗೊಳಪಡಿಸಲು, ಹೆಚ್.ಐ.ವಿ. ಸೋಂಕು ಈ ದೇಶದಲ್ಲಿ ಮೊದಲ ಬಾರಿಗೆ ಗೊತ್ತಾಯಿತು. ಇದು ಸಾಹಸದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವ ರೋಗವನ್ನು ಹುಡುಕಲು ತಮ್ಮ ರಕ್ತವನ್ನು ತೆಗೆಯುತ್ತಿರುವರೆಂಬುದು ಆ ಹೆಂಗಸರಿಗೆ ತಿಳಿದಿರಲಿಲ್ಲ. ನಿರ್ಮಲಾ ಅವರೇ ಇದನ್ನು ಮುಂದೆ ಮರೆಮಾಚದೆ ಹೇಳಿದ್ದಾರೆ. ಆ ದಿನಗಳ ವೈದ್ಯಶಾಸ್ತ್ರದಲ್ಲಿ ಅದು ದೋಷವೆಂದು ಎಣಿಸಲ್ಪಡುತ್ತಿರಲಿಲ್ಲ ಎಂಬುದೇ ಇಲ್ಲಿ ಗಮನಾರ್ಹವಾದುದು.

ಅಷ್ಟರಲ್ಲಿಯೇ ಪಶ್ಚಿಮದಲ್ಲಿ ಬೇರೆ ಗಾಳಿ ಬೀಸಿದ್ದಿತು. 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಏಡ್ಸ್ ಪೀಡಿತರೇ ಒಂದು ಪ್ರಕಟನೆಯನ್ನು ಹೊರಡಿಸಿ, ತಮ್ಮ ವಿಷಯದ ನಿರ್ಣಯಗಳಲ್ಲಿ ತಮಗೂ ಸ್ಥಾನವಿರಬೇಕೆಂದು ಕೇಳಿದ್ದರು. 1994ರ ಡಿಸೆಂಬರ್ 1ರಂದು ಪ್ಯಾರಿಸಿನಲ್ಲಿ ಕೂಡಿದ ರಾಷ್ಟ್ರಗಳು ಈ ತತ್ವಕ್ಕೆ ಸಮ್ಮತಿಯಿತ್ತವು. ಸಮ್ಮತಿ ಕಾಗದದ್ದು, ಅದು ನೆಲಕ್ಕಿಳಿಯಲು ಜಗಳವೊಂದು ಬೇಕಾಯಿತು. ಕಾಂಬೋಡಿಯಾದಲ್ಲಿ ಟೆನೋಫೊವಿರ್ ಎಂಬ ಔಷಧವನ್ನು ಸೋಂಕಿಲ್ಲದವರಿಗೆ ಮುಂಜಾಗ್ರತೆಗಾಗಿ ಕೊಟ್ಟು ನೋಡುವ ಪ್ರಯೋಗವು ಸಿದ್ಧವಾಗಿದ್ದಿತು. ಅದರ ದುಷ್ಪರಿಣಾಮಗಳಿಂದ ಮುಂದೆ ಕಾಯಿಲೆಯಾದರೆ ನಮ್ಮ ಚಿಕಿತ್ಸೆಯ ಹೊಣೆ ಯಾರದೆಂದು ಅಲ್ಲಿಯ ಲೈಂಗಿಕ ಕಾರ್ಯಕರ್ತೆಯರ ಸಂಘವು ಪ್ರಶ್ನಿಸಿತು. ತೃಪ್ತಿಕರವಾದ ಉತ್ತರ ಬರಲಿಲ್ಲ. 2004ರಲ್ಲಿ ಆ ದೇಶದ ಪ್ರಧಾನಿಯು ಪ್ರಯೋಗವನ್ನೇ ನಿಲ್ಲಿಸಿಬಿಟ್ಟನು. ಮರುವರ್ಷ ಕ್ಯಾಮರೂನಿನಲ್ಲಿಯೂ ಹೀಗೆಯೇ ಆಯಿತು. ಸಂಯುಕ್ತ ರಾಷ್ಟ್ರಗಳ ಏಡ್ಸ್ ಸಂಸ್ಥೆಯು ಸಮುದಾಯದ ಸಹಭಾಗವನ್ನು ಕುರಿತು 2007ರಲ್ಲಿ ನಿಯಮಾವಳಿಯನ್ನು ಪ್ರಕಟಿಸಿದುದು ಈ ಪೆಟ್ಟುಗಳ ಫಲ. ಸಂಶೋಧನೆಗೆ ಮೊದಲೇ ಸಮುದಾಯದ ಸಲಹಾ ಮಂಡಲಿಯನ್ನು ಕೂಡಿಸಿ ಕೇಳಬೇಕೆಂಬ ಕ್ರಮವು ಅಲ್ಲಿಂದ ಬಲಗೊಂಡಿತು.

ಮೈಸೂರಿನ ಪ್ರಯತ್ನವು ಆ ನಿಯಮಾವಳಿಗಿಂತ ಹಿಂದಿನದು. 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯು ಸ್ಥಾಪಿತವಾಗಿದ್ದಿತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ಧನಸಹಾಯದಿಂದ ಆವಾಹನ್ ಯೋಜನೆ ಆರಂಭವಾಯಿತು. ಅದರ ಆಶ್ರಯದಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದವರು 2004ರಲ್ಲಿ ಮೈಸೂರಿಗೆ ಬಂದರು. ಡಾಕ್ಟರ್ ಸುಶೇನಾ ರೆಜಾ-ಪಾಲ್ ಈ ಕೆಲಸದ ಮುಂದಾಳುಗಳಲ್ಲಿ ಒಬ್ಬರು. ಇಲ್ಲಿ ಈ ವೃತ್ತಿಯವರು ಬಹುಮಟ್ಟಿಗೆ ಬೀದಿಯಲ್ಲಿ ಗಿರಾಕಿಗಳನ್ನು ಕಾಣುವವರು. ಅನೇಕರು ಗೃಹಿಣಿಯರು, ಮನೆಯವರಿಗೆ ತಿಳಿಯದಂತೆ ದುಡಿಯುವವರು. ಅವರು ಎಲ್ಲಿ, ಯಾವ ಹೊತ್ತಿನಲ್ಲಿ ಸಿಗುವರು, ಪೋಲೀಸಿನವರ ಕಣ್ಣು ಎಲ್ಲಿ ಬೀಳುವುದು, ಯಾವ ಮಾತಿಗೆ ಹೆದರಿ ಹಿಂಜರಿಯುವರು ಎಂಬುದನ್ನು ಯಾವ ಪದವೀಧರನೂ ಪುಸ್ತಕದಿಂದ ಅರಿಯಲಾರನು. ಆದಕಾರಣ ಅವರಲ್ಲಿಯೇ ಕೆಲವರು ದಾರಿತೋರುವವರಾದರು. ದಣಿದು ಬಂದವರು ಕುಳಿತು ಮಾತನಾಡಲು ಒಂದು ತಂಗುಮನೆ, ಅದರ ಜೊತೆಗೆ ಒಂದು ಚಿಕಿತ್ಸಾಲಯ ತೆರೆದವು. ತಂಗುಮನೆಯೇ ಮೊದಲ ಸಲಹಾ ಮಂಡಲಿಯಾಯಿತೆಂದರೆ ತಪ್ಪಾಗಲಾರದು. ಮಂಡಲಿಗೆ ಬೇಕಾದುದು ನಿರ್ಭಯವಾಗಿ ಬೇಡವೆನ್ನುವ ಧೈರ್ಯ, ಅದು ಮೊದಲು ಅಲ್ಲಿ ಹುಟ್ಟಿತು. 2005ರಲ್ಲಿ ಇವರು ಅಶೋದಯ ಸಮಿತಿಯೆಂಬ ಹೆಸರಿನಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು.

ಇದರ ಫಲವನ್ನು ಅಳೆದ ಲೆಕ್ಕವೂ ಉಂಟು. 2004ರಲ್ಲಿ 429 ಮಂದಿಯನ್ನೂ 2006ರಲ್ಲಿ 425 ಮಂದಿಯನ್ನೂ ಕಂಡು ಮಾಡಿದ ಎರಡು ಸಮೀಕ್ಷೆಗಳಲ್ಲಿ, ಹೊಸ ಗಿರಾಕಿಯೊಡನೆ ಕಾಂಡೋಮ್ ಬಳಸಿದವರ ಪ್ರಮಾಣವು ನೂರಕ್ಕೆ 65ರಿಂದ 90ಕ್ಕೆ ಏರಿತ್ತು. ಸಿಫಿಲಿಸ್ 25ರಿಂದ 12ಕ್ಕೂ, ಗೊನೋರಿಯಾ 5ರಿಂದ 2ಕ್ಕೂ ಇಳಿದಿದ್ದವು. ಹೆಚ್.ಐ.ವಿ. ಮಾತ್ರ 26ರಿಂದ 24ಕ್ಕೆ ಬಂದಿತು, ಅಂದರೆ ಇದ್ದಲ್ಲಿಯೇ ನಿಂತಿತು. ಇದರಲ್ಲಿ ಆಶ್ಚರ್ಯವಿಲ್ಲ, ಮೊದಲೇ ಸೋಂಕು ತಗಲಿದವರು ಬದುಕಿರುವವರೆಗೆ ಆ ಅಂಕಿ ಎರಡು ವರ್ಷಗಳಲ್ಲಿ ಇಳಿಯುವಂಥದ್ದಲ್ಲ. ಕಾಯಂ ಸಂಗಾತಿಯೊಡನೆ ಕಾಂಡೋಮ್ ಬಳಕೆಯು 7ರಿಂದ 30ಕ್ಕೆ ಮಾತ್ರ ಏರಿತೆಂಬುದೂ ಅದೇ ಸಮೀಕ್ಷೆಯ ಮಾತು. ಪ್ರೀತಿಯ ಗಂಡಸಿನ ಮುಂದೆ ರಕ್ಷಣೆಯ ಮಾತೆತ್ತುವುದು ಗಿರಾಕಿಯ ಮುಂದೆ ಎತ್ತುವುದಕ್ಕಿಂತ ಕಷ್ಟ. ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬಲ್ಲವರು ತಂಗುಮನೆಯ ಹೆಂಗಸರೇ ಹೊರತು ಗಣಕಶಾಸ್ತ್ರದವರಲ್ಲ.

ಕಾಂಬೋಡಿಯಾದಲ್ಲಿ ಜಗಳಕ್ಕೆ ಕಾರಣವಾದ ಬಗೆಯ ಔಷಧವೇ ಮುಂದೆ ಮೈಸೂರಿಗೂ ಬಂದಿತು. ಆದರೆ ಇಲ್ಲಿ ಮಾತ್ರೆಗಿಂತ ಮೊದಲು ಸಮಾಲೋಚನೆ ಬಂದಿತು. ಮಾತ್ರೆ ನುಂಗುವವಳನ್ನು ಈಗಾಗಲೇ ರೋಗಿಯೆಂದು ನೆರೆಹೊರೆಯವರು ತಿಳಿದುಬಿಡುವರೇ, ಮಾತ್ರೆಯ ನೆಪದಿಂದ ಗಿರಾಕಿಯು ಕಾಂಡೋಮನ್ನು ಬಿಡಿಸುವನೇ ಎಂಬಂಥ ಸಂದೇಹಗಳು ಇಲ್ಲಿ ವೈದ್ಯವಿಷಯಗಳಷ್ಟೇ ಮುಖ್ಯ. 2016ರಲ್ಲಿ ಆರಂಭವಾದ ಈ ಕಾರ್ಯವನ್ನು ಅಶೋದಯವೇ ಮುಂದೆ ನಿಂತು ನಡೆಸಿತು. 647 ಮಂದಿ ಸೇರಿದರು, ಅವಧಿ ಮುಗಿಯುವವರೆಗೆ ಅವರಲ್ಲಿ ಹೊಸ ಸೋಂಕು ಒಂದೂ ಕಂಡುಬರಲಿಲ್ಲ. ಪ್ರಕಟವಾದ ಪ್ರಬಂಧಗಳಲ್ಲಿ ಸಮಿತಿಯವರೂ ಲೇಖಕರ ಸಾಲಿನಲ್ಲಿ ನಿಂತಿದ್ದಾರೆ.

ಸಲಹಾ ಮಂಡಲಿಗಳೆಲ್ಲವೂ ಹೀಗೆಯೇ ನಡೆಯುತ್ತವೆಂದು ತಿಳಿಯಬಾರದು. ಯೋಜನೆಯು ಮುದ್ರಿತವಾದ ಮೇಲೆ ಸಭೆ ಕರೆದು, ಇಂಗ್ಲಿಷಿನಲ್ಲಿ ಓದಿ ಹೇಳಿ, ಹಾಜರಿಯ ಸಹಿಯನ್ನೇ ಸಮ್ಮತಿಯ ಸಹಿಯೆಂದು ಎಣಿಸುವ ಮಂಡಲಿ ಹೆಸರಿಗೆ ಮಾತ್ರ. ಸಮುದಾಯದ ಪರವಾಗಿ ಮಾತನಾಡುವವರು ಯಾರು ಎಂಬ ತೊಡಕೂ ಇದೆ. ಮನೆಯವರಿಂದ ಗುಟ್ಟನ್ನು ಕಾಯುವವಳು ಸಭೆಗೆ ಬರಲಾರಳು, ಬಂದವಳು ಅವಳ ಕಷ್ಟವನ್ನು ಪೂರ್ತಿ ಹೇಳಲಾರಳು. ಕೊಡಗಿನ ತೋಟಗಳಿಗೆ ಋತುವಿಗೊಮ್ಮೆ ಬಂದು ಹೋಗುವ ಕೆಲಸಗಾರರಂಥ ನೆಲೆನಿಲ್ಲದ ಜನರಲ್ಲಿ ಈ ತೊಡಕು ಇಮ್ಮಡಿಯಾಗುವುದು: ತಂಗುಮನೆ ಕಟ್ಟಬೇಕಾದುದು ತೋಟದ ಸಾಲುಮನೆಯ ಬಳಿಯೋ, ಅವರು ಬಿಟ್ಟುಬಂದ ಊರಿನಲ್ಲಿಯೋ?

2017ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಹೆಚ್.ಐ.ವಿ. ಮತ್ತು ಏಡ್ಸ್ ಶಾಸನವು 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿತು. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಪರೀಕ್ಷೆಯನ್ನಾಗಲಿ, ಸೋಂಕಿತರ ಮೇಲೆ ಸಂಶೋಧನೆಯನ್ನಾಗಲಿ ಮಾಡಕೂಡದೆಂದು ಅದು ವಿಧಿಸಿದೆ. 1868ರ ಶಾಸನಕ್ಕೂ ಇದಕ್ಕೂ ನಡುವೆ ಸರಿಯಾಗಿ ನೂರೈವತ್ತು ವರ್ಷಗಳು.