ಬೆಳವಣಿಗೆಯ ಅಳತೆ: ಶಿಶುವಿನ ಮೈ ಮಿದುಳುಗಳನ್ನು ಕುರಿತ ಶೋಧನೆಯ ಚರಿತ್ರೆ

ಮಗು ಬೆಳೆಯುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಅದು ಹೇಗೆ ಬೆಳೆಯುವುದೆಂಬುದು ಮಾತ್ರ ಬಹುಕಾಲ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈ ವಿಚಾರ ಇಲ್ಲದೆ ಇಲ್ಲ. ಪುರುಷನು ಇಪ್ಪತ್ತೈದನೆಯ ವರ್ಷದಲ್ಲಿಯೂ ಸ್ತ್ರೀಯು ಹದಿನಾರನೆಯ ವರ್ಷದಲ್ಲಿಯೂ ಪೂರ್ಣವೀರ್ಯವನ್ನು ಪಡೆಯುವರೆಂದು ಸುಶ್ರುತಸಂಹಿತೆ ಹೇಳುತ್ತದೆ. ಹೆಣ್ಣು ಗಂಡಿಗಿಂತ ಮೊದಲೇ ಬಲಿಯುವಳೆಂಬ ಅರಿವು ಆ ಮಾತಿನಲ್ಲಿ ಅಡಗಿದೆ. ಆದರೆ ಅದು ಬೆಳವಣಿಗೆಯ ಕೊನೆಯ ಮೇರೆಯನ್ನು ತಿಳಿಸುವ ಮಾತೇ ಹೊರತು ನಡುವಣ ದಾರಿಯನ್ನು ತಿಳಿಸುವುದಲ್ಲ. ಆ ದಾರಿಯನ್ನು ಅಳತೆಯ ಮೂಲಕ ಅರಿಯುವ ಯತ್ನವು ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ನಡೆಯಿತು. ಅಂದಿನಿಂದ ಎರಡು ಪದ್ಧತಿಗಳು ಬಳಕೆಯಲ್ಲಿವೆ. ಒಂದೇ ಮಗುವನ್ನು ವರ್ಷ ವರ್ಷವೂ ಅಳೆಯುತ್ತ ಹೋಗುವುದು ಒಂದು. ಬೇರೆ ಬೇರೆ ವಯಸ್ಸಿನ ಅನೇಕ ಮಕ್ಕಳನ್ನು ಒಂದೊಂದು ಸಲ ಅಳೆದು ಸರಾಸರಿ ತೆಗೆಯುವುದು ಇನ್ನೊಂದು. ಎರಡನೆಯದು ಸುಲಭವಾದುದರಿಂದ ಅದಕ್ಕೇ ಹೆಚ್ಚು ಪ್ರಚಾರ. ಆದರೆ ಈ ಶಾಸ್ತ್ರದ ಮುಖ್ಯವಾದ ಸತ್ಯಗಳು ಹೊರಬಿದ್ದುದಕ್ಕೆ ಮೊದಲನೆಯದೇ ಕಾರಣವೆಂದು ನನ್ನ ಅಭಿಪ್ರಾಯ.

ಫ್ರಾನ್ಸಿನ ಬರ್ಗಂಡಿ ಪ್ರಾಂತದ ಮೋಂಬೆಯಾರ್ ಎಂಬ ಗೃಹಸ್ಥನು ಪ್ರಕೃತಿಶಾಸ್ತ್ರಜ್ಞನಾದ ಬಫೋನನ ಗೆಳೆಯ. ಅವನ ಮಹಾಗ್ರಂಥದ ಪಕ್ಷಿಭಾಗಗಳ ರಚನೆಗೆ ನೆರವಾದವನು. 1759ರ ಏಪ್ರಿಲ್ ತಿಂಗಳಲ್ಲಿ ಇವನಿಗೆ ಮಗನು ಹುಟ್ಟಿದನು. ತಂದೆ ಆ ಮಗನ ಎತ್ತರವನ್ನು ಸುಮಾರು ಆರು ತಿಂಗಳಿಗೊಮ್ಮೆ ತಪ್ಪದೆ ಅಳೆದು ಬರೆದಿಟ್ಟನು. ಹದಿನೆಂಟು ವರ್ಷ ಈ ಕೆಲಸ ನಡೆಯಿತು. 1777ರಲ್ಲಿ ಬಫೋನನು ತನ್ನ ಗ್ರಂಥದ ಅನುಬಂಧದಲ್ಲಿ ಈ ಪಟ್ಟಿಯನ್ನು ಅಚ್ಚುಮಾಡಿಸಿದನು. ಹುಟ್ಟಿದಾಗ ಮಗುವಿನ ಉದ್ದ ಅಂದಿನ ಫ್ರೆಂಚ್ ಅಳತೆಯಲ್ಲಿ 19 ಅಂಗುಲ, ಎಂದರೆ ಸುಮಾರು 51 ಸೆಂಟಿಮೀಟರು. ಮೊದಲನೆಯ ವರ್ಷದಲ್ಲಿಯೇ ಅದಕ್ಕೆ ಎಂಟು ಅಂಗುಲ ಕೂಡಿತು. ಅನಂತರ ವೇಗ ವರ್ಷೇ ವರ್ಷೇ ಇಳಿಯುತ್ತ ಬಂದಿತು. ಇಳಿಯುತ್ತಲೇ ಹೋಗಿ ನಿಲ್ಲಬಹುದೆಂದು ಯಾರಾದರೂ ಎಣಿಸುವ ಹೊತ್ತಿಗೆ ಅದು ತಿರುಗಿ ಏರಿತು. ಹದಿನಾಲ್ಕರಿಂದ ಹದಿನೈದಕ್ಕೆ ಕಾಲಿಡುವುದರೊಳಗೆ ಹುಡುಗನು ಸುಮಾರು 12 ಸೆಂಟಿಮೀಟರು ಬೆಳೆದಿದ್ದನು. ಬೇಸಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಮೆ ಎಂಬುದನ್ನೂ ಬಫೋನನು ಈ ಪಟ್ಟಿಯಿಂದ ಗುರುತಿಸಿದನು. ಹರೆಯದ ಈ ನೆಗೆತವನ್ನು ಅಳತೆಯಿಂದ ತೋರಿಸಿದ ಮೊದಲ ದಾಖಲೆ ಇದು. 1927ರಲ್ಲಿ ಅಮೆರಿಕದ ಸ್ಕಾಮನ್ ಎಂಬ ಅಂಗರಚನಾಶಾಸ್ತ್ರಜ್ಞನು ಇದನ್ನು ಮೆಟ್ರಿಕ್ ಮಾನಕ್ಕೆ ತಿರುಗಿಸಿ ಪ್ರಕಟಿಸಿದ ಮೇಲೆ ಇದಕ್ಕೆ ತಕ್ಕ ಮನ್ನಣೆ ಬಂದಿತು.

ಮಧ್ಯೆ ಕಳೆದ ನೂರೈವತ್ತು ವರ್ಷಗಳಲ್ಲಿ ವಿದ್ವಾಂಸರು ಬೇರೆಯ ದಾರಿ ಹಿಡಿದಿದ್ದರು. ಬೆಲ್ಜಿಯಮಿನ ಕೆತ್‌ಲೆ ಖಗೋಲಶಾಸ್ತ್ರದಿಂದ ಬಂದವನು. ‘ಸರಾಸರಿ ಮನುಷ್ಯ’ ಎಂಬ ಕಲ್ಪನೆಯನ್ನು 1835ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಮನುಷ್ಯನ ಎತ್ತರಕ್ಕೆ ಅವನೊಂದು ಗಣಿತಸೂತ್ರವನ್ನು ಕಟ್ಟಿದನು. ರೇಖೆ ನುಣುಪಾಗಿ, ಸುಂದರವಾಗಿ ಬಂದಿತು. ಹರೆಯದ ನೆಗೆತ ಮಾತ್ರ ಅದರಲ್ಲಿ ಇರಲಿಲ್ಲ. ಸರಾಸರಿಯೂ ಇಂಥ ನುಣುಪಿಗೆ ಒತ್ತಾಸೆಯಾಗುತ್ತದೆ. ಒಬ್ಬ ಹುಡುಗನು ಹನ್ನೆರಡರಲ್ಲಿ ನೆಗೆದರೆ ಇನ್ನೊಬ್ಬನು ಹದಿನೈದರಲ್ಲಿ ನೆಗೆಯುತ್ತಾನೆ. ಇಬ್ಬರನ್ನೂ ಕೂಡಿಸಿ ಭಾಗಿಸಿದಾಗ ಇಬ್ಬರ ನೆಗೆತವೂ ತಗ್ಗಿ ಹರಡಿಹೋಗುತ್ತದೆ.

ಇದು ಪಂಡಿತರ ಮನೆಯೊಳಗಿನ ತಕರಾರು ಮಾತ್ರವಲ್ಲ. 1833ರ ಇಂಗ್ಲೆಂಡಿನ ಕಾರ್ಖಾನೆ ಕಾಯಿದೆಯು ಒಂಬತ್ತು ವರ್ಷ ತುಂಬದ ಮಕ್ಕಳನ್ನು ನೂಲಿನ ಗಿರಣಿಗಳಿಗೆ ಸೇರಿಸಕೂಡದೆಂದು ವಿಧಿಸಿತು. ಆದರೆ ಆ ದೇಶದಲ್ಲಿ ಜನನವನ್ನು ಸರ್ಕಾರದ ಕಡೆಯಿಂದ ನೋಂದಾಯಿಸುವ ಏರ್ಪಾಡು 1837ರವರೆಗೆ ಇರಲಿಲ್ಲ. ವಯಸ್ಸನ್ನು ವೈದ್ಯನೇ ಮೈಕಟ್ಟನ್ನು ನೋಡಿ ಹೇಳಬೇಕಾಗಿತ್ತು. ಎತ್ತರವಾಗಿ ಬೆಳೆದ ಕೂಸು ಒಂದೆರಡು ವರ್ಷ ಮೊದಲೇ ಗಿರಣಿಯ ಪಾಲಾಗುತ್ತಿದ್ದಿತು. ಸಾಂಡರ್ಸ್ ಎಂಬ ದಂತವೈದ್ಯನು ಎತ್ತರಕ್ಕಿಂತ ಹಲ್ಲೇ ವಯಸ್ಸಿಗೆ ನಂಬತಕ್ಕ ಸಾಕ್ಷಿಯೆಂದು 1837ರಲ್ಲಿ ಪುಸ್ತಕ ಬರೆದುದು ಇದೇ ಕಾರಣದಿಂದ. ನಮ್ಮ ಕನ್ನಡನಾಡಿನ ಶಾಲೆಗಳಲ್ಲಿಯೂ ಹುಟ್ಟಿದ ದಿನದ ದಾಖಲೆ ಇಲ್ಲದಿದ್ದ ಕಾಲದಲ್ಲಿ, ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ಸೇರಿಸಿಕೊಳ್ಳುವ ವಾಡಿಕೆ ಇದ್ದುದನ್ನು ಹಿರಿಯರು ಬಲ್ಲರು. ನಗತಕ್ಕ ಪದ್ಧತಿಯಂತೆ ತೋರಿದರೂ ಅದರಲ್ಲಿ ಶಾಸ್ತ್ರವಿದೆ. ಶಿಶುವಿನ ತಲೆ ದೊಡ್ಡದು, ತೋಳು ಗಿಡ್ಡ. ತಲೆ ಬಹುಮಟ್ಟಿಗೆ ಬೆಳೆದು ನಿಂತ ಮೇಲೂ ತೋಳು ಬೆಳೆಯುತ್ತಿರುತ್ತದೆ. ಕೈ ಕಿವಿಗೆ ಎಟುಕುವುದೆಂದರೆ ಈ ಎರಡು ಬೆಳವಣಿಗೆಗಳ ಅಂತರವನ್ನು ಅಳೆದಂತೆಯೇ.

ಮತ್ತೆ ಅಮೆರಿಕಕ್ಕೆ ಬರೋಣ. ಬೌಡಿಚನು ಬಾಸ್ಟನ್ ನಗರದ ಶಾಲೆಗಳ ಇಪ್ಪತ್ತನಾಲ್ಕು ಸಾವಿರ ಮಕ್ಕಳ ಅಳತೆಯನ್ನು 1877ರಲ್ಲಿ ಪ್ರಕಟಿಸಿ, ಹನ್ನೆರಡು ಹದಿಮೂರರ ಸುಮಾರಿನಲ್ಲಿ ಹುಡುಗಿಯರು ಹುಡುಗರನ್ನು ಮೀರಿ ಬೆಳೆದಿರುವರೆಂದು ತೋರಿಸಿದನು. 1893ರಲ್ಲಿ ಪೋರ್ಟರ್ ಎಂಬವನು ಸೇಂಟ್ ಲೂಯಿಸ್ ನಗರದ ಮಕ್ಕಳನ್ನು ಅಳೆದು, ಒಂದೇ ವಯಸ್ಸಿನವರಲ್ಲಿ ಮೇಲಿನ ತರಗತಿಯ ಮಕ್ಕಳು ಹೆಚ್ಚು ಎತ್ತರ, ಹೆಚ್ಚು ತೂಕ ಎಂದು ಕಂಡನು. ಚುರುಕಿಗೂ ಮಂದತೆಗೂ ದೇಹವೇ ಆಧಾರವೆಂದು ಸಾರಿದನು. ಮೈ ತೂಕ ಕಡಮೆಯಾದ ಮಗುವನ್ನು ವಯಸ್ಸಿಗೆ ಮೀರಿದ ತರಗತಿಗೆ ವೈದ್ಯಪರೀಕ್ಷೆಯಿಲ್ಲದೆ ಸೇರಿಸಬಾರದೆಂಬುದು ಅವನ ಸಲಹೆ.

ಇದಕ್ಕೆ ಉತ್ತರ ಕೊಟ್ಟವನು ಬೋವಾಸ್. ಮುಂದೆ ಮಾನವಶಾಸ್ತ್ರದಲ್ಲಿ ದೊಡ್ಡ ಹೆಸರು ಪಡೆದ ಇವನು 1891ರಲ್ಲಿ ವೂಸ್ಟರ್ ಎಂಬ ಊರಿನ ಶಾಲೆಯ ಮಕ್ಕಳನ್ನೇ ಮರಳಿ ಮರಳಿ ಅಳೆಯುವ ಕಾರ್ಯವನ್ನು ಆರಂಭಿಸಿದ್ದನು. (ಊರಿನ ಪತ್ರಿಕೆಯೊಂದು ಇದನ್ನು ಉಗ್ರವಾಗಿ ವಿರೋಧಿಸಿತಂತೆ; ಶೋಧಕರ ಪಾಡು ಎಲ್ಲ ಕಡೆಯೂ ಒಂದೇ.) ಒಂದೇ ವಯಸ್ಸಿನ ಮಕ್ಕಳು ಬೆಳವಣಿಗೆಯ ದಾರಿಯಲ್ಲಿ ಒಂದೇ ಮಜಲಿನಲ್ಲಿ ಇರುವುದಿಲ್ಲ, ಕೆಲವರು ಮುಂದೆ ನಡೆದಿರುತ್ತಾರೆ, ಕೆಲವರು ಹಿಂದೆ ಉಳಿದಿರುತ್ತಾರೆ ಎಂಬುದು ಅವನ ವಾದ. ಪೋರ್ಟರನು ಮಂದರೆಂದು ಕರೆದವರನ್ನು ತಡವಾಗಿ ಬೆಳೆಯುವವರೆಂದು ಕರೆಯಬೇಕೆಂದು ಅವನು 1895ರಲ್ಲಿ ಬರೆದನು. ತಡವಾಗಿ ಬರುವುದಕ್ಕೂ ಬಾರದೆಯೇ ಇರುವುದಕ್ಕೂ ಇರುವ ಭೇದವನ್ನು ನಮ್ಮ ಉಪಾಧ್ಯಾಯರಿಗೆ ನಾನು ವಿವರಿಸಬೇಕಾಗಿಲ್ಲ. 1930ರ ದಶಕದಲ್ಲಿ ಶಟಲ್‌ವರ್ತನು ಮಕ್ಕಳನ್ನು ಹುಟ್ಟಿದ ವರ್ಷದಿಂದಲ್ಲದೆ ನೆಗೆತದ ವರ್ಷದಿಂದ ಹೊಂದಿಸಿ ನೋಡಿದಾಗ, ಚಪ್ಪಟೆಯಾಗಿದ್ದ ಸರಾಸರಿಯ ರೇಖೆ ಒಮ್ಮೆಗೇ ಚೂಪಾದ ಶಿಖರವಾಗಿ ಎದ್ದಿತು.

ಇಷ್ಟೂ ಒಟ್ಟು ದೇಹದ ಮಾತು. ಮೇಲೆ ಹೇಳಿದ ಸ್ಕಾಮನನು 1930ರಲ್ಲಿ ನಾಲ್ಕು ರೇಖೆಗಳ ಒಂದು ಚಿತ್ರವನ್ನು ಪ್ರಕಟಿಸಿದನು. ಎಲುಬು ಸ್ನಾಯುಗಳದು ಒಂದು ಗತಿ. ಜನನೇಂದ್ರಿಯಗಳದು ಹರೆಯದವರೆಗೆ ನಿದ್ರೆ, ಆಮೇಲೆ ಧಾವನ. ದುಗ್ಧರಸ ಗ್ರಂಥಿಗಳು ಹನ್ನೊಂದು ಹನ್ನೆರಡರ ಹೊತ್ತಿಗೆ ದೊಡ್ಡವರ ಪ್ರಮಾಣಕ್ಕೆ ಸುಮಾರು ಇಮ್ಮಡಿಯಾಗಿ ಮತ್ತೆ ಕುಗ್ಗುತ್ತವೆ. ಮಿದುಳು ಎಲ್ಲಕ್ಕಿಂತ ಮೊದಲು ಓಡುತ್ತದೆ. ಹುಟ್ಟುವಾಗ ಅದರ ತೂಕ ದೊಡ್ಡವರ ಮಿದುಳಿನ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಎರಡು ವರ್ಷಕ್ಕೆ ಮುಕ್ಕಾಲಿನಷ್ಟು. ಆರಕ್ಕೆ ನೂರಕ್ಕೆ ತೊಂಬತ್ತು. ತಕ್ಕಡಿಯನ್ನು ನಂಬಿದರೆ ಅಕ್ಷರಾಭ್ಯಾಸದ ವಯಸ್ಸಿಗೇ ಮಿದುಳಿನ ಕೆಲಸ ಬಹುಪಾಲು ಮುಗಿಯಿತೆನ್ನಬೇಕು.

ಹಾಗಲ್ಲವೆಂಬುದಕ್ಕೆ ಸೂಚನೆಗಳು ಮೊದಲೇ ಇದ್ದುವು. ನರತಂತುಗಳನ್ನು ಸುತ್ತುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಎಲ್ಲೆಡೆಯೂ ಒಟ್ಟಿಗೆ ಮೂಡುವುದಿಲ್ಲ, ಇಂದ್ರಿಯಗಳಿಗೂ ಚಲನೆಗೂ ಸಂಬಂಧಪಟ್ಟ ಭಾಗಗಳಲ್ಲಿ ಮೊದಲು, ಅವುಗಳನ್ನು ಕೂಡಿಸುವ ಭಾಗಗಳಲ್ಲಿ ಕೊನೆಗೆ ಎಂದು ಲೈಪ್ಜಿಗ್ಗಿನ ಫ್ಲೆಕ್ಸಿಗನು ಕಂಡುಹಿಡಿದಿದ್ದನು. 1979ರಲ್ಲಿ ಶಿಕಾಗೋದ ಹಟೆನ್‌ಲಾಕರನು ನವಜಾತ ಶಿಶುವಿನಿಂದ ತೊಂಬತ್ತರ ವೃದ್ಧರವರೆಗಿನ 21 ಮೃತರ ಮಿದುಳುಗಳ ಹಣೆಯ ಭಾಗದಲ್ಲಿ ನರಸಂಧಿಗಳನ್ನು ಎಣಿಸಿದನು. ಒಂದೆರಡು ವರ್ಷದ ಕೂಸಿನಲ್ಲಿ ಅವುಗಳ ದಟ್ಟಣೆ ದೊಡ್ಡವರಿಗಿಂತ ಸುಮಾರು ಅರ್ಧಪಟ್ಟು ಅಧಿಕವಾಗಿದ್ದು, ಹದಿನಾರರವರೆಗೆ ಇಳಿಯುತ್ತ ಬರುತ್ತದೆಂದು ತಿಳಿಯಿತು. ಬೆಳವಣಿಗೆಯೆಂದರೆ ಕೂಡುವುದು ಮಾತ್ರವಲ್ಲ, ಕಳೆಯುವುದೂ ಹೌದು ಎಂಬ ಈ ಸಂಗತಿಗೆ ತೂಕದ ಲೆಕ್ಕದಲ್ಲಿ ಎಡೆಯೇ ಇರಲಿಲ್ಲ.

ಸತ್ತವರ ಮಿದುಳನ್ನು ಒಂದೇ ಸಲ ನೋಡಲು ಸಾಧ್ಯ. ಬದುಕಿರುವ ಮಗುವಿನ ಮಿದುಳನ್ನು ಹಾನಿಯಿಲ್ಲದೆ ಚಿತ್ರಿಸುವ ಎಂ. ಆರ್. ಐ. ಯಂತ್ರ ಬಂದ ಮೇಲೆ ಮೋಂಬೆಯಾರನ ಪದ್ಧತಿ ಇಲ್ಲಿಗೂ ಬಂದಿತು. 1999ರಲ್ಲಿ ಗೀಡ್ ಮತ್ತು ಸಂಗಡಿಗರು 145 ಮಕ್ಕಳು ಮತ್ತು ತರುಣರ 243 ಚಿತ್ರಗಳನ್ನು ಪರಿಶೀಲಿಸಿದರು. ಅವರಲ್ಲಿ ಹಲವರನ್ನು ಮರಳಿ ಕರೆಸಿ ಚಿತ್ರ ತೆಗೆದಿದ್ದರು. ಹಣೆಯ ಭಾಗದ ಬೂದುವಸ್ತು ಹುಡುಗಿಯರಲ್ಲಿ ಹನ್ನೊಂದರ, ಹುಡುಗರಲ್ಲಿ ಹನ್ನೆರಡರ ಸುಮಾರಿಗೆ ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆಂದೂ, ಬಿಳಿವಸ್ತು ಏರುತ್ತಲೇ ಇರುತ್ತದೆಂದೂ ಅವರ ನಿರ್ಣಯ. 2022ರಲ್ಲಿ ಪ್ರಕಟವಾದ ಸಂಗ್ರಹವೊಂದು ಲಕ್ಷಕ್ಕೆ ಮೀರಿದ ಜನರ ಚಿತ್ರಗಳನ್ನು ಕೂಡಿಸಿ, ಮಿದುಳಿನ ಹೊರಪದರದ ಒಟ್ಟು ಬೂದುವಸ್ತುವಿನ ಶಿಖರವನ್ನು ಆರನೆಯ ವರ್ಷಕ್ಕೆ ಹಿಂದೆ ತಂದಿದೆ. ಬಿಳಿವಸ್ತುವಿನದನ್ನು ಇಪ್ಪತ್ತೆಂಟು ದಾಟಿಸಿದೆ. ಆ ಸಂಗ್ರಹದಲ್ಲಿ ಬಹುಪಾಲು ಜನರನ್ನು ನೋಡಿರುವುದು ಒಂದೊಂದೇ ಸಲ. ಆದುದರಿಂದ ಶಿಖರದ ವರ್ಷ ಯಾವುದೆಂಬ ಪ್ರಶ್ನೆಯಲ್ಲಿ ಕೆತ್‌ಲೆಯ ಪದ್ಧತಿಗೂ ಮೋಂಬೆಯಾರನ ಪದ್ಧತಿಗೂ ಇರುವ ಹಳೆಯ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ.