ಡಾಡ್ಜ್ ಚಾರ್ಜರ್ ಹೆಲ್‌ಕ್ಯಾಟ್: ಹಿರಿಯೂರಿಗೆ ಸರಿ, ಹೊಸದುರ್ಗಕ್ಕೆ?

2015ರ ಚಾರ್ಜರ್ ಹೆಲ್‌ಕ್ಯಾಟ್‌ಗೆ 6.2 ಲೀಟರ್ ಸೂಪರ್‌ಚಾರ್ಜ್ಡ್ ವಿ8 ಎಂಜಿನ್, 707 ಅಶ್ವಶಕ್ತಿ. ಐದು ಜನರನ್ನ ಕೂರಿಸ್ಕೊಂಡು ಗಂಟೆಗೆ 328 ಕಿ.ಮೀ. ಓಡೋ ತಾಕತ್ತು. ಎಂಜಿನಿಯರಿಂಗ್ ಓದಿದ ನನಗೆ ಇದು ಇಷ್ಟವೇ. ಹಿರಿಯೂರು–ಚಿತ್ರದುರ್ಗ ಹೆದ್ದಾರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನಾಲ್ಕು ಪಥದ ಹೆದ್ದಾರಿಗೆ ಕೇಂದ್ರ 2018ರಲ್ಲಿ ಹಾಕಿದ ಗರಿಷ್ಠ ಮಿತಿ 100. ದುಡ್ಡು ಕೊಟ್ಟ ಶಕ್ತಿಯ ಬಹುಪಾಲು ಬಾನೆಟ್ ಒಳಗೇ ಮಲಗಿರುತ್ತೆ.

ಹೊಳಲ್ಕೆರೆಯಿಂದ ಹೊಸದುರ್ಗದ ಕಡೆ ತಿರುಗಿದರೆ ಕಥೆಯೇ ಬೇರೆ. ಎರಡು ಟನ್ ಮೀರಿದ ತೂಕ, ಐದು ಮೀಟರ್ ಮೀರಿದ ಉದ್ದ, ತಗ್ಗು ತಳ: ಹಂಪ್‌ಗೆ ಉಜ್ಜೋದು ಗ್ಯಾರಂಟಿ. ಅದಾದರೂ ಬಿಡಿ. ಡಾಡ್ಜ್ ಇದನ್ನ ಭಾರತದಲ್ಲಿ ಮಾರಲೇ ಇಲ್ಲ, ಸ್ಟೀರಿಂಗ್ ಎಡಕ್ಕಿದೆ. ತೆಂಗಿನಕಾಯಿ ಲಾರಿ ಹಿಂದಿಕ್ಕೋವಾಗ ಕಾರು ಅರ್ಧ ಎದುರು ಪಥಕ್ಕೆ ಇಳಿದ ಮೇಲೇ ಚಾಲಕನಿಗೆ ರಸ್ತೆ ಕಾಣೋದು. ಅಷ್ಟರಲ್ಲಿ ಎದುರಿಗೆ ಬೈಕ್ ಬಂದರೆ ಬ್ರೇಕ್ ಒತ್ತೋಕೆ ಸಿಗೋ ಜಾಗ ತೀರಾ ಕಮ್ಮಿ.