ಬೊಮ್ಮಸಂದ್ರದವರೆಗೆ ಮೆಟ್ರೋ: ಹೊಸೂರು ಸೀಮೆಯ ವಿದ್ಯಾರ್ಥಿಗಳ ಪ್ರಯಾಣ

ಬೆಂಗಳೂರು 'ನಮ್ಮ ಮೆಟ್ರೋ'ದ ಹಳದಿ ಮಾರ್ಗವು 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡಿತು. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಇದರ ಉದ್ದ 19.15 ಕಿ.ಮೀ.; ನಿಲ್ದಾಣಗಳು 16. ಕೇಂದ್ರ ರೇಷ್ಮೆ ಮಂಡಳಿ, ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿಗಳ ಮೂಲಕ ಸಾಗುವ ಈ ಮಾರ್ಗವು ಬಹುದೂರ ಹೊಸೂರು ರಸ್ತೆಯನ್ನೇ ಅನುಸರಿಸುತ್ತದೆ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಹಸಿರು ಮಾರ್ಗದ ರೈಲನ್ನು ಹಿಡಿದರೆ ಜಯನಗರ, ಕೃಷ್ಣರಾಜ ಮಾರುಕಟ್ಟೆ, ಮೆಜೆಸ್ಟಿಕ್‌ಗಳನ್ನು ತಲುಪಬಹುದು.

ರೂಢಿ ಬದಲಾಗುವುದು ಹೇಗೆ?

ಹಳಿ ಹಾಕಿದ ಮಾತ್ರಕ್ಕೆ ಜನರು ಬಸ್ಸನ್ನೋ ದ್ವಿಚಕ್ರ ವಾಹನವನ್ನೋ ಬಿಡುವುದಿಲ್ಲ. ರೈಲಿಗಾಗಿ ಕಾಯುವ ಹೊತ್ತು, ನಿಲ್ದಾಣಕ್ಕೆ ಹೋಗುವ ದಾರಿ, ಒಟ್ಟು ಖರ್ಚು, ಈ ಮೂರನ್ನೂ ತೂಗಿ ನೋಡುತ್ತಾರೆ. ಹಳದಿ ಮಾರ್ಗವು ಮೂರು ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ ಆರಂಭವಾಯಿತು; ಹೊಸ ರೈಲುಗಳು ಸೇರಿದಂತೆ ಈ ಅಂತರ ತಗ್ಗಿತು. ವೇಳಾಪಟ್ಟಿಯನ್ನು ನೋಡದೆಯೇ ನಿಲ್ದಾಣಕ್ಕೆ ಹೋಗುವಂತಾದಾಗ ಮಾತ್ರ ರೈಲು ನಿತ್ಯದ ಅಭ್ಯಾಸವಾಗುತ್ತದೆ.

ನಿಲ್ದಾಣದ ಸುತ್ತಲಿನ ಪ್ರದೇಶ

ಕೇಂದ್ರ ಸರ್ಕಾರದ 2017ರ ನೀತಿಯು ನಿಲ್ದಾಣದಿಂದ ಸುಮಾರು 500ರಿಂದ 800 ಮೀಟರ್‌ವರೆಗಿನ ವಲಯದಲ್ಲಿ ವಸತಿ, ಉದ್ಯೋಗ, ಅಂಗಡಿಗಳನ್ನು ಒತ್ತಾಗಿ ಬೆಳೆಸಬೇಕೆಂದು ಸೂಚಿಸುತ್ತದೆ. ಅಲ್ಲಿ ಪಾದಚಾರಿ ಮಾರ್ಗವಿದ್ದರೆ ಜನರು ನಡೆದೇ ಬರುತ್ತಾರೆ. ಇಲ್ಲದಿದ್ದರೆ ನಿಲ್ದಾಣದವರೆಗೂ ವಾಹನವೇ ಬೇಕಾಗುತ್ತದೆ. ಭೂಮಿಯ ಬೆಲೆ ಮತ್ತು ಬಾಡಿಗೆ ಏರಿದರೆ, ರೈಲಿನ ಅಗತ್ಯ ಹೆಚ್ಚಿರುವ ಬಡ ಕುಟುಂಬಗಳೇ ದೂರ ಸರಿಯಬೇಕಾಗುತ್ತದೆ.

ಗಡಿಯಾಚೆಯವರಿಗೆ

ಹೊಸೂರಿನಿಂದ ಬೊಮ್ಮಸಂದ್ರ ಸುಮಾರು 15 ಕಿ.ಮೀ. ಅತ್ತಿಬೆಲೆಯನ್ನು ದಾಟುವ ಈ ದಾರಿಗೆ ಬಸ್ಸೇ ಆಧಾರ. ಕರ್ನಾಟಕದಲ್ಲಿ 2023ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯು ಆ ರಾಜ್ಯದ ನಿವಾಸಿ ಮಹಿಳೆಯರಿಗೆ ಮಾತ್ರ. ತಮಿಳುನಾಡಿನ ವಿಳಾಸವಿರುವ ನಮ್ಮ ಹೆಣ್ಣುಮಕ್ಕಳು ಕನ್ನಡದಲ್ಲೇ ಓದಿದ್ದರೂ ಅದರ ವ್ಯಾಪ್ತಿಗೆ ಬರುವುದಿಲ್ಲ.

ಉದ್ಘಾಟನೆಯ ವೇಳೆ ಬೊಮ್ಮಸಂದ್ರದಿಂದ ರಾಷ್ಟ್ರೀಯ ವಿದ್ಯಾಲಯ ರಸ್ತೆಗೆ ದರ 60 ರೂ. ಇತ್ತು. ಆ ಲೆಕ್ಕದಲ್ಲಿ ತಿಂಗಳಿಗೆ 24 ದಿನ ಹೋಗಿಬರಲು 2,880 ರೂ.; ಸ್ಮಾರ್ಟ್ ಕಾರ್ಡಿನ ಶೇ. 5 ರಿಯಾಯಿತಿ ಕಳೆದರೆ 2,736 ರೂ. ಬಸ್ಸಿನ ವೆಚ್ಚ ಇದಕ್ಕೆ ಹೊರತು.

ಹತ್ತನೆಯ ತರಗತಿಯ ಬಳಿಕ ಮಕ್ಕಳನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸುವ ಪೋಷಕರು ಈ ಮೊತ್ತವನ್ನು ನೇರ ಬಸ್ಸಿನ ದರ ಹಾಗೂ ವಿದ್ಯಾರ್ಥಿನಿಲಯದ ಶುಲ್ಕದೊಂದಿಗೆ ಹೋಲಿಸಿ ನೋಡುವುದು ಒಳಿತು. ಸಂಜೆ ಬೊಮ್ಮಸಂದ್ರದಿಂದ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನೂ ಮೊದಲೇ ವಿಚಾರಿಸಬೇಕು. ಗಡಿಯೂರಿನ ವಿದ್ಯಾರ್ಥಿಗಳಿಗೆ ಮೆಟ್ರೋ ನಿಜವಾಗಿ ಒದಗಬೇಕಾದರೆ ಈ 15 ಕಿ.ಮೀ. ದಾರಿಗೆ ಸಮಯಕ್ಕೆ ಸರಿಯಾದ ಬಸ್ಸು ಮತ್ತು ರಾಜ್ಯದ ಎಲ್ಲೆಯನ್ನು ನೋಡದ ವಿದ್ಯಾರ್ಥಿ ರಿಯಾಯಿತಿ ಎರಡೂ ದೊರೆಯಬೇಕು.